ಬಿಸಿಲೂರಿನ ಕಾಲಿಗೆ ಥಂಡಿಯ ಬಾವು: ಚಳಿಗಾಲದಲ್ಲಿ ಬೆರಳು ಕೆಂಪಾಗಿ ತುರಿಸುವುದೇಕೆ?

ಬೀದರಿನಲ್ಲಿ ಡಿಸೆಂಬರ್ ತಿಂಗಳ ಒಂದು ಬೆಳಗು. ಹಿತ್ತಲ ನಳದ ಮುಂದೆ ಭಾಂಡೆ ತಿಕ್ಕಿ ಒಳಗೆ ಬಂದ ಅಕ್ಕ, ಫರಸಿಯ ಮೇಲೆ ಕಾಲು ಚಾಚಿ ಕೂತು, "ಇಲ್ನೋಡು, ಇರುವಿ ಕಡದಂಗ ಆಗ್ಯಾವ" ಅಂದಳು. ಎಡಗಾಲಿನ ಕಿರುಬೆರಳೂ ಅದರ ಪಕ್ಕದ್ದೂ ಉಬ್ಬಿ, ಅರೆಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಬಿಳಿಚುತ್ತಿತ್ತು, ಬಿಟ್ಟರೆ ಮತ್ತೆ ಕೆಂಪು. ಹಗಲಿಡೀ ಸುಮ್ಮನಿರುವ ಈ ಬೆರಳುಗಳು ರಾತ್ರಿ ಕೌದಿ ಹೊದ್ದು ಮಲಗಿದ ಕೂಡಲೇ ಉರಿಯಲು ಶುರು, ತುರಿಸಲು ಶುರು. ಮನೆಯಲ್ಲಿ ಮೂವರು ಮೂರು ಕಾರಣ ಹೇಳಿದರು: ಇರುವೆ, ನಂಜು, ಹೊಸ ಚಪ್ಪಲಿ. ನಾನು ಕಾರಣದ ಗೊಡವೆಗೆ ಹೋಗದೆ ಶೆಗಡಿಗೆ ಕೆಂಡ ತುಂಬಿ ತಂದು ಅವಳ ಕಾಲ ಮುಂದಿಟ್ಟೆ. ಮರುದಿನ ಬಾವು ಇಮ್ಮಡಿಯಾಗಿತ್ತು. ಇರುವೆ ಎಂದವರಿಂದ ಯಾವ ಹಾನಿಯೂ ಆಗಲಿಲ್ಲ, ಕೆಂಡ ತಂದವನಿಂದ ಆಯಿತು.

ಅಕ್ಕನಿಗೆ ಆದದ್ದನ್ನು ವೈದ್ಯರು ಚಿಲ್‌ಬ್ಲೇನ್ಸ್ ಎನ್ನುತ್ತಾರೆ. ಪುಸ್ತಕಗಳಲ್ಲಿ ಪರ್ನಿಯೋ ಎಂಬ ಲ್ಯಾಟಿನ್ ಹೆಸರೂ ಇದೆ. 'ಚಿಲ್' ಅಂದರೆ ಚಳಿ, 'ಬ್ಲೇನ್' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಹುಣ್ಣು, ಬೊಕ್ಕೆ. ನಮ್ಮ ಕಡೆ ಇದಕ್ಕೆ ಊರಿಗೊಂದು ಮಾತಿದೆ, ಮನೆಗೊಂದು ಊಹೆ ಇದೆ. ಈ ಬರಹದಲ್ಲಿ ಥಂಡಿಬಾವು ಎಂದೇ ಕರೆಯುತ್ತೇನೆ.

## ಬಿಸಿಲ ನಾಡಿಗೂ ಇದಕ್ಕೂ ಏನು ನಂಟು?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಗಳಲ್ಲಿ ಚಳಿಯ ಕಾಯಿಲೆ ಎಂದರೆ ನಗು ಬರುತ್ತದೆ. ಹಿಮ ಬೀಳುವ ದೇಶದವರ ತೊಂದರೆ ನಮಗ್ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಥಂಡಿಬಾವಿಗೆ ಹಿಮ ಬೇಕಿಲ್ಲ, ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಬೇಕಿಲ್ಲ. ಸೊನ್ನೆಗಿಂತ ಮೇಲೆ, ಸುಮಾರು 15 ಡಿಗ್ರಿಗಿಂತ ಕೆಳಗೆ ಇರುವ ಚಳಿಯೇ ಅದಕ್ಕೆ ಸಾಕು. ಜೊತೆಗೆ ಒಂದಿಷ್ಟು ತೇವ ಸಿಕ್ಕರೆ ಮುಗಿಯಿತು. ಸೊನ್ನೆಗಿಂತ ಕೆಳಗೆ ಹೋದಾಗ ಮೈಯೊಳಗಿನ ನೀರೇ ಮಂಜುಗಡ್ಡೆಯಾಗಿ ಬೆರಳು ಸಾಯುವುದಿದೆಯಲ್ಲ, ಅದು ಫ್ರಾಸ್ಟ್‌ಬೈಟ್. ಅದು ಬೇರೆಯೇ ಕಾಯಿಲೆ, ಸಿಯಾಚಿನ್ ಸೈನಿಕರ ಸಂಕಟ. ನಮ್ಮ ಬೀದರಿನಲ್ಲಿ ಅದು ಆಗುವುದಿಲ್ಲ.

ಬೀದರ್ ಇರುವುದು ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕಲಬುರಗಿ, ಯಾದಗಿರಿ ಅದಕ್ಕಿಂತ ತಗ್ಗಿನಲ್ಲಿವೆ. ಮೂರೂ ಸಮುದ್ರದಿಂದ ದೂರ. ಚಳಿಗಾಲದಲ್ಲಿ ಆಕಾಶದಲ್ಲಿ ಮೋಡ ಇರುವುದಿಲ್ಲ. ಮೋಡ ಎಂದರೆ ನೆಲಕ್ಕೆ ಹೊದಿಸಿದ ಕೌದಿ ಇದ್ದಂತೆ, ಅದಿಲ್ಲದ ರಾತ್ರಿ ಹಗಲಿನ ಕಾವೆಲ್ಲ ನೇರ ಮೇಲಕ್ಕೆ ಹಾರಿಹೋಗುತ್ತದೆ. ಹೀಗಾಗಿ ಮಧ್ಯಾಹ್ನ ಅಂಗಿ ಬಿಚ್ಚುವಂಥ ಬಿಸಿಲು, ನಸುಕಿಗೆ ಹಲ್ಲು ಕಟಗುಟ್ಟುವ ಥಂಡಿ. ಬೀದರಿನ ಕನಿಷ್ಠ ಉಷ್ಣಾಂಶ ಒಂದಂಕಿಗೆ ಇಳಿದ ಸುದ್ದಿ ಚಳಿಗಾಲದಲ್ಲಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ.

ಇನ್ನೊಂದು ವಿಚಿತ್ರ ಇದೆ. ತೀರಾ ಚಳಿಯ ದೇಶಗಳಿಗಿಂತ, ಮಧ್ಯಮ ಚಳಿಯಿದ್ದು ಮನೆಗಳು ಚಳಿಗೆ ತಯಾರಿಲ್ಲದ ಕಡೆಯೇ ಥಂಡಿಬಾವು ಹೆಚ್ಚು. ಕಡುಚಳಿಯವರ ಮನೆ ಬೆಚ್ಚಗಿರುತ್ತದೆ, ಅವರ ಬೂಟು ದಪ್ಪವಿರುತ್ತದೆ. ನಾವು ಮನೆ ಕಟ್ಟುವುದು ಏಪ್ರಿಲ್-ಮೇ ತಿಂಗಳನ್ನು ಕಣ್ಣ ಮುಂದಿಟ್ಟುಕೊಂಡು: ತಂಪಾದ ಕಲ್ಲಿನ ನೆಲ, ಗಾಳಿಯಾಡುವ ಪಡಸಾಲೆ, ಹೊರಗೆ ಬಚ್ಚಲು, ಹಿತ್ತಲಲ್ಲಿ ನಳ. ಹತ್ತು ತಿಂಗಳು ನಮ್ಮನ್ನು ಕಾಯುವ ಈ ಮನೆಯೇ ಉಳಿದೆರಡು ತಿಂಗಳು ಕಾಲ್ಬೆರಳಿಗೆ ಕಷ್ಟ ಕೊಡುತ್ತದೆ.

## ಕಾಲುವೆಯ ಕೊನೆಭಾಗದ ಕತೆ

ಒಳಗೆ ಏನಾಗುತ್ತದೆ ಎಂದು ತಿಳಿಯಲು ಯಾದಗಿರಿ ಜಿಲ್ಲೆಯ ಕಾಲುವೆ ನೆನೆಸಿಕೊಂಡರೆ ಸಾಕು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮೇಲ್ಭಾಗದವರ ಭತ್ತದ ಗದ್ದೆ ಮೊದಲು ತುಂಬುತ್ತದೆ. ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಭಾಗದ ರೈತರ ಹೊಲ. ನಮ್ಮ ಮೈಯಲ್ಲಿ ಹೃದಯ ಅಣೆಕಟ್ಟಾದರೆ ಕಾಲ್ಬೆರಳು ಕೊನೆಭಾಗದ ಹೊಲ. ಹರಿಯುವುದು ರಕ್ತ, ಅದರ ಜೊತೆಗೆ ಬರುವುದು ಕಾವು.

ಥಂಡಿ ಬಿದ್ದಾಗ ಮೈಗೆ ಮುಖ್ಯವಾದದ್ದು ಮಿದುಳು, ಹೃದಯ, ಹೊಟ್ಟೆ. ಇವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಇಡಲೇಬೇಕು. ಅದಕ್ಕಾಗಿ ಚರ್ಮದ ಹತ್ತಿರದ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಅಂದರೆ ಕೊನೆಯ ತೂಬುಗಳು ಬಂದ್. ಕಾಲ್ಬೆರಳಿನಲ್ಲಿ ಎಲುಬು, ನರ, ಚರ್ಮ ಬಿಟ್ಟರೆ ಕಾವು ಹುಟ್ಟಿಸುವ ಮಾಂಸಖಂಡ ಇಲ್ಲವೆಂದೇ ಹೇಳಬೇಕು, ಅದು ರಕ್ತ ತಂದ ಕಾವಿನಲ್ಲೇ ಬದುಕಬೇಕು. ತೂಬು ಮುಚ್ಚಿದರೆ ತಣ್ಣಗಾಗಿ ಬಿಳಿಚಿ ಮರಗಟ್ಟುತ್ತದೆ. ಇದು ಎಲ್ಲರಿಗೂ ಆಗುವ ಸಹಜ ಕ್ರಿಯೆ, ಕಾಯಿಲೆಯಲ್ಲ.

ತೊಂದರೆ ಶುರುವಾಗುವುದು ತೂಬು ತೆರೆಯುವಾಗ. ಥಂಡಿಯಲ್ಲಿ ನೆನೆದ ಕಾಲನ್ನು ಥಟ್ಟನೆ ಬೆಂಕಿಗೋ ಬಿಸಿನೀರಿಗೋ ಹಿಡಿದರೆ, ರಕ್ತ ತರುವ ಸಣ್ಣ ನಾಳಗಳು ಬೇಗ ಬಾಯಿ ತೆರೆಯುತ್ತವೆ. ರಕ್ತವನ್ನು ಮರಳಿ ಒಯ್ಯುವ ಕಿರುನಾಳಗಳು ಇನ್ನೂ ಬಿಗಿದುಕೊಂಡೇ ಇರುತ್ತವೆ. ಬಸಿಗಾಲುವೆಯಲ್ಲಿ ಹೂಳು ತುಂಬಿದಾಗ ಮೇಲಿನಿಂದ ಗೇಟು ಪೂರ್ತಿ ಎತ್ತಿದರೆ ಏನಾಗುತ್ತದೆ? ಬದುವಿನ ಮೇಲಿಂದ ನೀರು ಉಕ್ಕಿ ಹೊಲದಲ್ಲಿ ನಿಲ್ಲುತ್ತದೆ. ಇಲ್ಲೂ ಅಷ್ಟೇ. ನಾಳದ ಗೋಡೆಯಿಂದ ದ್ರವ ಸೋರಿ ಸುತ್ತಲ ಮೆದುಭಾಗದಲ್ಲಿ ನಿಲ್ಲುತ್ತದೆ, ಅದೇ ಬಾವು. ಸೋರಿದ ಜಾಗಕ್ಕೆ ಬಿಳಿ ರಕ್ತಕಣಗಳು ಬಂದು ಗುಂಪುಗೂಡುತ್ತವೆ, ಅದರಿಂದ ಉರಿ, ತುರಿಕೆ, ಕೆಂಪು. ವೈದ್ಯಶಾಸ್ತ್ರದಲ್ಲಿ ಸಾಮಾನ್ಯವಾಗಿ ಕೊಡುವ ವಿವರಣೆ ಇದು.

ರಾತ್ರಿ ಹಾಸಿಗೆಯಲ್ಲೇ ಯಾಕೆ ತುರಿಕೆ ಏಳುತ್ತದೆ ಎಂಬುದೂ ಇಲ್ಲಿಗೆ ಬಗೆಹರಿಯಿತು. ಕೌದಿಯೊಳಗೆ ಕಾಲು ಬಿಸಿಯಾಗುತ್ತಿದ್ದಂತೆ ತೂಬು ತೆರೆದುಕೊಳ್ಳುತ್ತದೆ.

## ನಿನ್ನೆಯ ಥಂಡಿ, ಇವತ್ತಿನ ಬಾವು

ಜನ ಇರುವೆ, ಚಪ್ಪಲಿ ಎಂದು ಯಾವುದ್ಯಾವುದನ್ನೋ ದೂರುವುದಕ್ಕೆ ಒಂದು ಕಾರಣವಿದೆ. ಥಂಡಿಬಾವು ಥಂಡಿ ತಾಗಿದ ಕೂಡಲೇ ಏಳುವುದಿಲ್ಲ. ಹಲವು ತಾಸು, ಸಾಮಾನ್ಯವಾಗಿ 12ರಿಂದ 24 ತಾಸು ಕಳೆದು ಕಾಣಿಸುತ್ತದೆ. ನಸುಕಿನಲ್ಲಿ ತೊಗರಿ ರಾಶಿಗೆ ಹೋಗಿ ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡವರಿಗೆ ಬಾವು ಕಾಣುವುದು ಅದೇ ರಾತ್ರಿ, ಇಲ್ಲವೇ ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಇಬ್ಬನಿ ಮರೆತುಹೋಗಿರುತ್ತದೆ. ಆದ್ದರಿಂದ ಬಾವು ಕಂಡಾಗ ಕೇಳಬೇಕಾದ್ದು "ಈಗ ಏನು ಕಡಿಯಿತು?" ಎಂದಲ್ಲ, "ನಿನ್ನೆ ಕಾಲು ಎಲ್ಲಿ ತಣ್ಣಗಾಯಿತು?" ಎಂದು.

ಬಾವು ಕಾಲ್ಬೆರಳಿನ ಮೇಲ್ಭಾಗ ಮತ್ತು ಪಕ್ಕಗಳಲ್ಲಿ ಹೆಚ್ಚು. ಹಿಮ್ಮಡಿ, ಕೈಬೆರಳು, ಕಿವಿಯ ಅಂಚು, ಮೂಗಿನ ತುದಿಗೂ ಬರಬಹುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಕಂದು-ನೇರಳೆಯ ಛಾಯೆ ಕಾಣುತ್ತದೆ. ಕಣ್ಣಿಗಿಂತ ಕೈಗೆ, ಊತ ಮತ್ತು ನೋವಿನಿಂದ, ಬೇಗ ತಿಳಿಯುತ್ತದೆ. ಮತ್ತೆ ಥಂಡಿ ತಾಗದಂತೆ ನೋಡಿಕೊಂಡರೆ ಎರಡು-ಮೂರು ವಾರದಲ್ಲಿ ಗುರುತು ಉಳಿಸದೆ ಇಳಿಯುತ್ತದೆ. ದಿನಾ ಅದೇ ನಳ, ಅದೇ ನೆಲ ಎಂದಾದರೆ ಫೆಬ್ರುವರಿಯ ಬಿಸಿಲು ಬರುವವರೆಗೂ ಎಳೆಯುತ್ತದೆ.

## ಫರಸಿ, ಟಾಕಿಯ ನೀರು, ಹಸಿ ಹೊಲ

ಕಾಲಿಗೆ ಥಂಡಿ ಹತ್ತುವುದು ಗಾಳಿಯಿಂದ ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಗಾಳಿಯ ಪಾಲು ಸಣ್ಣದು. ದೊಡ್ಡ ಪಾಲು ನೆಲದ್ದು, ನೀರಿನದು.

ನಮ್ಮ ಕಡೆ ಬಹಳ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಅಂಗಿ ಇಲ್ಲದೆ ಮಲಗುವ ಸುಖ ಗೊತ್ತಿರುವವರಿಗೇ ಗೊತ್ತು. ಚಳಿಗಾಲದ ನಸುಕಿನಲ್ಲಿ ಆ ಫರಸಿಯ ಮೇಲೊಂದು ಕಾಲು, ಪಕ್ಕದ ಚಾಪೆಯ ಮೇಲೊಂದು ಕಾಲು ಇಟ್ಟು ನೋಡಿ. ಕಲ್ಲು ಹೆಚ್ಚು ತಣ್ಣಗಿದೆ ಅನಿಸುತ್ತದೆ. ಎರಡೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದವು, ಎರಡರ ಉಷ್ಣಾಂಶವೂ ಒಂದೇ. ವ್ಯತ್ಯಾಸ ಇರುವುದು ಸೆಳೆತದಲ್ಲಿ. ಕಲ್ಲು ಕಾಲಿನ ಕಾವನ್ನು ವೇಗವಾಗಿ ಎಳೆದುಕೊಳ್ಳುತ್ತದೆ, ಗಾಳಿ ತುಂಬಿದ ಚಾಪೆ ಎಳೆಯುವುದಿಲ್ಲ. ಒಲೆಯ ಮೇಲಿನ ಸ್ಟೀಲ್ ಸೌಟು ಕೈ ಸುಡುತ್ತದೆ, ಕಟ್ಟಿಗೆಯದು ಸುಡುವುದಿಲ್ಲ. ಅದೇ ಲೆಕ್ಕ ಇಲ್ಲಿ ತಿರುವುಮುರುವು. ಹೀಗಾಗಿ ರೊಟ್ಟಿ ಬಡಿಯುವಲ್ಲಿ, ಭಾಂಡೆ ತಿಕ್ಕುವಲ್ಲಿ, ದೇವರ ಮುಂದೆ, ಎಲ್ಲಿ ಅರ್ಧ ತಾಸು ಕಾಲು ಊರಿ ಇರುತ್ತೇವೋ ಅಲ್ಲೊಂದು ಹಳೆ ಕೌದಿಯ ತುಂಡು, ಗೋಣಿಚೀಲ ಅಥವಾ ಮಣೆ ಬಿದ್ದಿರಲಿ. ಹೊರಗಿನ ಚಪ್ಪಲಿ ಒಳಗೆ ತರುವುದು ನಮ್ಮ ಪದ್ಧತಿಯಲ್ಲ, ಹಾಗೆಂದು ಮನೆಯೊಳಗೇ ಇರುವ ಬೇರೊಂದು ಜೊತೆ ಸ್ಲಿಪ್ಪರ್‌ಗೆ ಯಾರ ತಕರಾರೂ ಇರಲಿಕ್ಕಿಲ್ಲ. ನಮ್ಮಮ್ಮ ಮೊದಲ ವರ್ಷ ತಕರಾರು ತೆಗೆದಳು, ಎರಡನೇ ವರ್ಷ ತನಗೂ ಒಂದು ಜೊತೆ ತರಿಸಿಕೊಂಡಳು.

ನೀರಿನ ವಿಷಯ ಇನ್ನೂ ಕಠಿಣ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಕಾವು ಸಾಗಿಸುತ್ತದೆ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟಾಕಿಯಲ್ಲಿ ರಾತ್ರಿಯಿಡೀ ತೆರೆದ ಆಕಾಶದ ಕೆಳಗೆ ಕೂತ ನೀರು ನಸುಕಿಗೆ ಚುಚ್ಚುವಷ್ಟು ತಣ್ಣಗಿರುತ್ತದೆ. ಅದೇ ಹೊತ್ತಿಗೆ ಬೋರ್‌ವೆಲ್ ಹಚ್ಚಿದರೆ ಬರುವ ನೀರು ಉಗುರುಬೆಚ್ಚಗೆ, ಒಮ್ಮೊಮ್ಮೆ ಹಬೆಯಾಡುತ್ತ ಬರುತ್ತದೆ. ಆಳದ ನೆಲದ ಉಷ್ಣಾಂಶ ಬೇಸಿಗೆ-ಚಳಿಗಾಲಕ್ಕೆ ತಕ್ಕಂತೆ ಕುಣಿಯುವುದಿಲ್ಲ, ವರ್ಷದ ಸರಾಸರಿಯ ಹತ್ತಿರವೇ ನಿಂತಿರುತ್ತದೆ. ಅನುಕೂಲ ಇದ್ದವರು ಬೆಳಗಿನ ಭಾಂಡೆಗೆ ಹೊಸದಾಗಿ ಎತ್ತಿದ ನೀರು ಬಳಸಬಹುದು. ಇಲ್ಲವಾದರೆ ಬಿಸಿಲೇರಿ ಟಾಕಿ ಕಾಯುವತನಕ ಭಾಂಡೆ ಕಾಯಲಿ.

ಹೊಲದಲ್ಲಿ ಕಾಲು ಒಣಗಿಸಿಡುವುದು ಸುಲಭವಲ್ಲ. ಹಿಂಗಾರಿ ಜೋಳಕ್ಕೆ, ಕಬ್ಬಿಗೆ ನೀರು ಹಾಯಿಸುವುದು ಕರೆಂಟು ಬಂದಾಗ, ಅದು ಬಹಳ ಸಲ ರಾತ್ರಿಯಲ್ಲೇ. ಮಡಿಯಿಂದ ಮಡಿಗೆ ನೀರು ತಿರುಗಿಸುತ್ತ ಎರೆಮಣ್ಣಿನ ರಾಡಿಯಲ್ಲಿ ಬರಿಗಾಲಲ್ಲಿ ನಿಂತವರಿಗೆ ನೀರಿನೊಳಗಿದ್ದಾಗ ಅಷ್ಟು ಗೊತ್ತಾಗುವುದಿಲ್ಲ. ಬದುವಿನ ಮೇಲೆ ಹತ್ತಿ ಗಾಳಿಗೆ ನಿಂತಾಗ ಗೊತ್ತಾಗುತ್ತದೆ. ಮಣ್ಣಿನ ಬಿಂದಿಗೆ ನೀರನ್ನು ತಂಪಾಗಿಸುವ ರೀತಿಯಲ್ಲೇ ಕಾಲಿಗಂಟಿದ ಹಸಿ ಆರುತ್ತ ಆರುತ್ತ ಕಾವನ್ನು ಒಯ್ಯುತ್ತದೆ. ಮೊಣಕಾಲತನಕ ಬರುವ ರಬ್ಬರ್ ಗಂಬೂಟು ಇಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಹಾವಿನ ಹೆದರಿಕೆಗೂ ಆದೀತು. ಅದಿಲ್ಲದಿದ್ದರೆ ಕೈಚೀಲದಲ್ಲಿ ಒಂದು ಒಣ ಪಂಜಿ, ಒಂದು ಜೊತೆ ಒಣ ಸಾಕ್ಸ್. ಕಡಲೆ ಹೊಲದವರಿಗೆ ಇನ್ನೊಂದು ಉಪದ್ರವವಿದೆ. ಕಡಲೆ ಗಿಡದ ಇಬ್ಬನಿ ಬರೀ ನೀರಲ್ಲ, ಗಿಡ ಸ್ರವಿಸುವ ಆಮ್ಲ ಅದರಲ್ಲಿ ಬೆರೆತಿರುತ್ತದೆ. ರಾತ್ರಿ ಬಟ್ಟೆ ಹೊದಿಸಿ ಬೆಳಿಗ್ಗೆ ಹಿಂಡಿ ಹುಳಿ ತೆಗೆಯುವ ಹಳೆಯ ರೂಢಿ ಇರುವುದೇ ಅದಕ್ಕೆ. ಬಿರಿದ ಚರ್ಮಕ್ಕೆ ಆ ಹುಳಿ ತಾಗಿದರೆ ಉರಿಯ ಮೇಲೆ ಉರಿ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಮಕ್ಕಳ ಸಮೇತ ಹೊಲಕ್ಕೆ ಹೋಗುವವರು, ಭಜ್ಜಿ-ರೊಟ್ಟಿಯ ಗಂಟಿನ ಜೊತೆ ಮಕ್ಕಳ ಕಾಲಿಗೂ ಏನಾದರೂ ಒಯ್ದರೆ ಒಳ್ಳೆಯದು.

ಮಕ್ಕಳ ಬೂಟಿನದು ಸಣ್ಣ ವಿಷಯ, ಆದರೆ ಯಾರೂ ನೋಡುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಒಂದು ಜೊತೆ ಬೂಟು, ಎರಡು ಜೊತೆ ಸಾಕ್ಸ್ ಕೊಡುತ್ತಾರೆ. ಶಾಲೆ ಶುರುವಾದಾಗ ಸರಿಹೋದ ಬೂಟು ಡಿಸೆಂಬರಿಗೆ ಬಿಗಿ, ಬೆಳೆಯುವ ಕಾಲು ಅದು. ಬಿಗಿ ಬೂಟು ಬೆರಳನ್ನು ಅಮುಕಿ ಮೊದಲೇ ಕಡಿಮೆ ಇರುವ ರಕ್ತವನ್ನು ಇನ್ನೂ ತಡೆಯುತ್ತದೆ. ದಪ್ಪ ಸಾಕ್ಸ್ ತುರುಕಿದರೆ ಬೆಚ್ಚಗಾಗುವ ಬದಲು ಕೆಡುತ್ತದೆ. ಬೂಟಿನೊಳಗೆ ಬೆರಳು ಆಡುವಷ್ಟು ಜಾಗ ಇರಬೇಕು, ಆ ಜಾಗದಲ್ಲಿ ನಿಂತ ಗಾಳಿಯೇ ನಿಜವಾದ ಹೊದಿಕೆ. ಬೆವರಿನಿಂದಲೋ ನೀರಿನಿಂದಲೋ ಹಸಿಯಾದ ಸಾಕ್ಸ್ ಕಾಲ ಮೇಲೆ ಒಣಗಲು ಬಿಡಬಾರದು.

## ಕಾಲುಂಗುರ

ಇದನ್ನು ಬೇರೆಯಾಗಿಯೇ ಹೇಳಬೇಕು. ಬಾವು ಬರುವ ಬೆರಳಿಗೇ ನಮ್ಮ ಹೆಣ್ಣುಮಕ್ಕಳು ಬೆಳ್ಳಿಯ ಉಂಗುರ ಹಾಕಿರುತ್ತಾರೆ. ಬೆಳ್ಳಿ ಕಾವನ್ನು ಸಾಗಿಸುವುದರಲ್ಲಿ ಲೋಹಗಳಲ್ಲೇ ಮುಂದು. ಅದಕ್ಕಿಂತ ಮುಖ್ಯವಾದದ್ದು, ಉಂಗುರ ಹಿಗ್ಗುವುದಿಲ್ಲ, ಬೆರಳು ಊದುತ್ತದೆ. ಊದಿದ ಬೆರಳಿಗೆ ಉಂಗುರ ಹುರಿ ಬಿಗಿದಂತಾಗಿ, ರಕ್ತ ಮರಳುವ ದಾರಿ ಇನ್ನಷ್ಟು ಕಟ್ಟುತ್ತದೆ, ಊತ ಮತ್ತೂ ಏರುತ್ತದೆ. ಬೆರಳು ದಪ್ಪಗಾಗುವ ಮೊದಲ ಸೂಚನೆಗೇ ಸೋಪು ಅಥವಾ ಎಣ್ಣೆ ಹಚ್ಚಿ, ತಿರುಗಿಸುತ್ತ ತೆಗೆದಿಡುವುದು ಕ್ಷೇಮ. ಒಂದು ದಿನ ತಡವಾದರೆ ಅಕ್ಕಸಾಲಿಗರ ಕತ್ತರಿ ಬೇಕಾಗುತ್ತದೆ. ಮುತ್ತೈದೆ ಉಂಗುರ ತೆಗೆಯುವುದು ಹೇಗೆ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ತೆರೆದ ಬಾಯಿಯ, ಸಡಿಲಿಸಬಹುದಾದ ಉಂಗುರಗಳು ಪೇಟೆಯಲ್ಲಿವೆ. ಚಳಿಗಾಲಕ್ಕೆ ಅವಾದರೂ ಆಗಲಿ. ಉಂಗುರದ ಮುಂದಿನ ಭಾಗ ನೀಲಿಯಾಗಿ ಜೋಮು ಹಿಡಿದಿದ್ದರೆ ಮನೆಯಲ್ಲಿ ಎಳೆದಾಡದೆ ನೇರ ದವಾಖಾನೆಗೆ ಹೋಗಿ ಕತ್ತರಿಸಿಕೊಳ್ಳಬೇಕು.

## ಯಾರಿಗೆ ಬೇಗ ಬರುತ್ತದೆ?

ಒಂದೇ ಮನೆಯಲ್ಲಿ, ಒಂದೇ ಫರಸಿಯ ಮೇಲೆ ಓಡಾಡುವ ಐವರಲ್ಲಿ ಒಬ್ಬರಿಗೆ ಮಾತ್ರ ಬರುತ್ತದೆ. ಹೆಂಗಸರಲ್ಲಿ ಹೆಚ್ಚು, ಬಡಕಲು ಮೈಯವರಲ್ಲಿ ಹೆಚ್ಚು, ಮನೆತನದಲ್ಲಿ ಇದ್ದರೆ ಹೆಚ್ಚು. ಹೋದ ವರ್ಷ ಬಂದವರಿಗೆ ಈ ವರ್ಷವೂ ಬರುವ ಸಂಭವ ಜಾಸ್ತಿ. ಬೀಡಿ, ಸಿಗರೇಟು, ತಂಬಾಕಿನ ನಿಕೋಟಿನ್ ರಕ್ತನಾಳವನ್ನು ತಾನೇ ಬಿಗಿಯುತ್ತದೆ. ಥಂಡಿ ಒಂದು ಕಡೆಯಿಂದ ತೂಬು ಮುಚ್ಚಿದರೆ ಬೀಡಿ ಇನ್ನೊಂದು ಕಡೆಯಿಂದ. ಥಂಡಿಗೆ ಒಂದು ಗುಟುಕು ಹಾಕಿದರೆ ಮೈ ಬಿಸಿಯಾಗುತ್ತದೆ ಎನ್ನುವವರಿದ್ದಾರೆ. ಹೆಂಡ ಚರ್ಮದ ನಾಳಗಳನ್ನು ತೆರೆದು ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ, ಬಿಸಿ ಎನಿಸುವುದು ಹಾಗೆ ಚೆಲ್ಲಿಹೋಗುತ್ತಿರುವ ಕಾವು. ಬಿಪಿ ಅಥವಾ ಹೃದಯದ ತೊಂದರೆಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಜಾತಿಯ ಗುಳಿಗೆಗಳಿಂದಲೂ ಕೈಕಾಲು ತಣ್ಣಗಾಗಬಹುದು. ಹಾಗೆಂದು ತಾವಾಗಿ ನಿಲ್ಲಿಸುವುದು ಅಪಾಯ, ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಅವರು ನೋಡಿಕೊಳ್ಳುತ್ತಾರೆ.

ನವೆಂಬರ್ ಮಧ್ಯದಿಂದ ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಬರಿಗಾಲಲ್ಲಿ ಇರುತ್ತಾರೆ, ನಸುಕಿಗೆ ತಣ್ಣೀರ ಸ್ನಾನ. ವ್ರತ ಬಿಡದೆಯೂ ಮಾಡಬಹುದಾದ್ದಿದೆ: ಸ್ನಾನವಾದ ಕೂಡಲೇ ಬೆರಳ ಸಂದು ಸಂದು ಒರೆಸುವುದು, ಪೂಜೆಗೆ ಕಲ್ಲಿನ ಮೇಲೆ ನಿಲ್ಲದೆ ಚಾಪೆಯ ಮೇಲೆ ನಿಲ್ಲುವುದು, ಎದೆ ಮತ್ತು ತಲೆಗೆ ಶಾಲು ಸುತ್ತುವುದು. ಎದೆ-ತಲೆಗೆ ಸುತ್ತಿದ್ದರಿಂದ ಕಾಲಿಗೇನು ಬಂತು ಎನ್ನಬೇಡಿ. ಅಣೆಕಟ್ಟಿನಲ್ಲಿ ನೀರು ತುಂಬಿದ್ದರೆ ಕೊನೆಭಾಗದ ತೂಬು ಮುಚ್ಚುವ ಪ್ರಮೇಯ ಕಡಿಮೆ. ಮಕ್ಕಳಿಗೆ ಕುಂಚಿಗೆ ಕಟ್ಟುತ್ತಿದ್ದ ಅಜ್ಜಿಯರು ಈ ಲೆಕ್ಕ ಅರಿತವರೇ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಮಾಲೆ ಹಾಕುವ ಮೊದಲೇ ಬರಿಗಾಲ ನಡಿಗೆಯ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬೇಕು.

## ಬಾವು ಬಂದ ಮೇಲೆ

ಕೆಂಡ ಬೇಡ. ಕುದಿಯುವ ನೀರಿನ ಬಕೆಟ್ ಬೇಡ. ಕಾಯಿಸಿದ ಇಟ್ಟಿಗೆ, ಉಪ್ಪಿನ ಶಾಖ, ಹೀಟರ್ ಮುಂದೆ ಕಾಲು ಚಾಚುವುದು ಬೇಡ. ಗೇಟು ಒಮ್ಮೆಲೇ ಎತ್ತಬಾರದು ಎಂಬುದೊಂದು ಕಾರಣ. ಮರಗಟ್ಟಿದ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು. ದಿನಾ ಒಲೆಯ ಮುಂದೆ ಕೂತ ಹಿರಿಯರ ಮೊಣಕಾಲ ಕೆಳಗೆ ಬಲೆ ಹೆಣೆದಂಥ ಕಂದು ಗುರುತು ನೋಡಿರಬಹುದು, ಚರ್ಮ ವರ್ಷಗಟ್ಟಲೆ ಕಾವು ತಿಂದ ಕುರುಹು ಅದು. ಮೊಬೈಲಿನಲ್ಲಿ ಬರುವ ಕೆಲವು ವಿಡಿಯೋಗಳು ಬಿಸಿನೀರಲ್ಲಿ ಬೇಗ ಕಾಲಿಡಿ ಎನ್ನುತ್ತವೆ. ಅಳತೆ ಮಾಡಿದ ಬೆಚ್ಚನೆಯ ನೀರಿನಲ್ಲಿ ಬೇಗ ಬಿಸಿಮಾಡುವುದು ಹಿಮದಲ್ಲಿ ಹೆಪ್ಪುಗಟ್ಟಿದ ಬೆರಳಿಗೆ ಹೇಳಿದ ಚಿಕಿತ್ಸೆ, ನಮ್ಮ ಥಂಡಿಬಾವಿಗಲ್ಲ.

ಮಾಡಬೇಕಾದ್ದು ನಿಧಾನದ ಕೆಲಸ. ಕಾಲು ಒರೆಸಿ ಒಣಗಿಸಿ. ಒಣ ಹತ್ತಿ ಅಥವಾ ಉಣ್ಣೆಯ ಸಡಿಲ ಸಾಕ್ಸ್ ಹಾಕಿ ಮನೆಯೊಳಗೇ ಹತ್ತು ನಿಮಿಷ ತಿರುಗಾಡಿ, ಕಾಲಿನ ಮಾಂಸಖಂಡಗಳು ಹುಟ್ಟಿಸುವ ಕಾವು ತಾನಾಗಿ ಬೆರಳಿಗೆ ಇಳಿಯುತ್ತದೆ. ಕೂತಾಗ ಕಂಬಳಿಯಲ್ಲಿ ಸುತ್ತಿ. ಬಚ್ಚಲಲ್ಲಿ ಕಾಲಿಗೆ ಬಿಸಿನೀರು ಬೇಕೇ ಬೇಕೆಂದರೆ ಮೊಣಕೈ ಅದ್ದಿ ನೋಡಿ ಉಗುರುಬೆಚ್ಚಗಿದ್ದರೆ ಮಾತ್ರ. ಶೆಗಡಿಯನ್ನು ಕೋಣೆಗೆ ಇಟ್ಟುಕೊಳ್ಳಿ, ಕಾಲಿಗಲ್ಲ. ಇಟ್ಟರೂ ಕಿಟಕಿ ತೆರೆದಿಡಿ, ಮಲಗುವ ಮೊದಲು ಹೊರಗೆ ಹಾಕಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯನ್ನೂ ಕೊಡದೆ ಜೀವ ತೆಗೆಯುತ್ತದೆ.

ಕೆರೆಯಬಾರದು ಎಂದು ಹೇಳುವುದು ಸುಲಭ. ಉಗುರು ಕತ್ತರಿಸಿಟ್ಟು, ತುರಿಕೆ ಬಂದಾಗ ಕೆರೆಯುವ ಬದಲು ಅಂಗೈಯಿಂದ ಒತ್ತಿ ಹಿಡಿದರೆ ಸ್ವಲ್ಪ ತಡೆಯಬಹುದು. ಕ್ಯಾಲಮೈನ್ ಲೋಷನ್ ತುರಿಕೆಯನ್ನು ತುಸು ಇಳಿಸುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಚರ್ಮ ಬಿರಿಯದಂತೆ ಕಾಯುತ್ತವೆ, ಬಾವನ್ನು ಇಳಿಸುವುದಿಲ್ಲ. ಈರುಳ್ಳಿ ಉಜ್ಜುವುದು, ಖಾರದ ಪುಡಿ ಕಟ್ಟುವುದು ಊದಿ ತೆಳುವಾದ ಚರ್ಮವನ್ನು ಸುಡುತ್ತವೆ. ಚರ್ಮ ಒಡೆದಿದ್ದರೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಸ್ವಚ್ಛ ಬಟ್ಟೆಯ ಪಟ್ಟಿ ಕಟ್ಟಿದರೆ ಸಾಕು.

ಔಷಧಿಯ ವಿಷಯದಲ್ಲಿ ಹೆಚ್ಚು ಭರವಸೆ ಇಟ್ಟುಕೊಳ್ಳುವಂತಿಲ್ಲ. ನಿಫೆಡಿಪಿನ್ ಎಂಬ ಬಿಪಿ ಗುಳಿಗೆ ರಕ್ತನಾಳ ಸಡಿಲಿಸುತ್ತದೆ. 1980ರ ದಶಕದ ಬ್ರಿಟನ್ನಿನ ಅಧ್ಯಯನಗಳು ಅದರಿಂದ ಗುಣವಿದೆ ಎಂದವು. ನೆದರ್ಲೆಂಡ್ಸಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಅದು ಔಷಧಿಯೇ ಇಲ್ಲದ ಹುಸಿಗುಳಿಗೆಗಿಂತ ಮೇಲಲ್ಲ ಎಂದಿತು. ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಲಾಮಿನ ಬಗ್ಗೆ 2017ರಲ್ಲಿ ಅಲ್ಲಿಂದಲೇ ಬಂದ ಉತ್ತರವೂ ಅದೇ. ತೀವ್ರವಾಗಿದ್ದಾಗ ವೈದ್ಯರು ಈಗಲೂ ಇವನ್ನು ಕೊಡುವುದುಂಟು, ಬಿಪಿ ನೋಡಿ, ತಲೆನೋವು-ಪಾದದ ಊತ ಬಾರದಂತೆ ಗಮನವಿಟ್ಟು. ಮೆಡಿಕಲ್ ಅಂಗಡಿಯಲ್ಲಿ "ತುರಿಕೆಗೆ" ಎಂದು ಕೇಳಿದರೆ ಕೊಡುವ, ಮೂರು-ನಾಲ್ಕು ಔಷಧಿ ಬೆರೆಸಿದ ಟ್ಯೂಬಿನ ವಿಷಯದಲ್ಲಿ ಎಚ್ಚರ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ತುರಿಕೆ ಶಿಲೀಂಧ್ರದ್ದಾಗಿದ್ದರೆ ಅದು ಒಳಗೊಳಗೇ ಹಬ್ಬುತ್ತದೆ.

## ಹಾಗೆ ಕಾಣುವ ಬೇರೆ ತೊಂದರೆಗಳು

ಬೆರಳ ಸಂದಿನಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲಿದು ವಾಸನೆ ಬಂದರೆ ಅದು ಕೆಸರುಹುಣ್ಣು, ಶಿಲೀಂಧ್ರದ ಕೆಲಸ. ಥಂಡಿಯಲ್ಲಿ ಬೆರಳು ಮೊದಲು ಸುಣ್ಣದಂತೆ ಬಿಳಿ, ಆಮೇಲೆ ನೀಲಿ, ಬಿಸಿಯಾದಾಗ ಕೆಂಪಾಗಿ, ಅಷ್ಟೂ ತಾಸೊಳಗೆ ಮುಗಿದರೆ ಅದು ರೇನೋ ಎಂಬ ತೊಂದರೆ. ಹೆಬ್ಬೆರಳ ಬುಡದ ಕೀಲೊಂದೇ ರಾತ್ರೋರಾತ್ರಿ ಊದಿ ಹೊದಿಕೆ ತಾಗಿದರೂ ಜೀವ ಹೋಗುವಂತೆ ನೋಯುವುದು ಗೌಟ್. 2020ರಲ್ಲಿ ಯುರೋಪ್, ಅಮೆರಿಕದಲ್ಲಿ ಥಂಡಿಬಾವಿನಂಥದ್ದೇ ಬೆರಳುಗಳು ಬಹಳ ಜನರಿಗೆ ಕಂಡು "ಕೋವಿಡ್ ಬೆರಳು" ಎಂಬ ಹೆಸರು ಬಂತು, ವೈರಾಣುವಿಗೂ ಅದಕ್ಕೂ ಇರುವ ಸಂಬಂಧದ ಚರ್ಚೆ ಇನ್ನೂ ಮುಗಿದಿಲ್ಲ.

ಹೆದರಬೇಕಾದ್ದು ಇನ್ನೊಂದಕ್ಕೆ. ಹಲವು ವರ್ಷ ಬೀಡಿ ಸೇದಿದ, ಇನ್ನೂ ಐವತ್ತು ದಾಟದ ಗಂಡಸರಿಗೆ ನಡೆದರೆ ಮೀನಖಂಡ ಹಿಡಿದುಕೊಂಡು, ಕೂತಾಗಲೂ ಬೆರಳು ನೋಯುತ್ತ, ಕಪ್ಪಾಗುತ್ತ ಬಂದರೆ ಅದು ರಕ್ತನಾಳ ಕಟ್ಟುವ ಬರ್ಗರ್ ಕಾಯಿಲೆ ಇರಬಹುದು. ಥಂಡಿ ಇಳಿದಮೇಲೆ ನೋಡೋಣ ಎಂದು ಕೂತರೆ ಬೆರಳು ಕಳೆದುಕೊಳ್ಳಬೇಕಾದೀತು. ಬಾವು ಬೇಸಿಗೆ ಬಂದರೂ ಹೋಗದೆ, ಕೀಲುನೋವು, ಕೆನ್ನೆಯ ಮೇಲೆ ಕೆಂಪು, ಕೂದಲು ಉದುರುವುದು ಜೊತೆಗಿದ್ದರೆ ಲೂಪಸ್ ಎಂಬ ಒಳಕಾಯಿಲೆಗಾಗಿ ರಕ್ತ ಪರೀಕ್ಷೆ ಮಾಡಿಸುತ್ತಾರೆ.

## ದವಾಖಾನೆಗೆ ಯಾವಾಗ?

ಸಕ್ಕರೆ ಕಾಯಿಲೆಯವರು ಮೊದಲ ದಿನವೇ ಹೋಗಬೇಕು, ಅವರ ಕಾಲಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಉಳಿದವರು ಗುಳ್ಳೆಯೆದ್ದು ಒಡೆದರೆ, ಕೀವು ಅಥವಾ ಜ್ವರ ಬಂದರೆ, ಬೆರಳು ಕಪ್ಪಾದರೆ, ಮೂರು ವಾರವಾದರೂ ಇಳಿಯದಿದ್ದರೆ, ಪ್ರತಿ ವರ್ಷವೂ ಬರುತ್ತಿದ್ದರೆ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಕೇಳಿಕೊಂಡು ಹೋಗಬಹುದು.

ಹೋಗುವ ಹಿಂದಿನ ರಾತ್ರಿ, ಬಾವು ಪೂರ್ತಿ ಕೆಂಪಗೆ ಎದ್ದಿರುವಾಗ, ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಸಿಲಲ್ಲಿ ಬಸ್ಸಿನಲ್ಲಿ ಬಂದು, ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು ಹೆಸರು ಕರೆಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಅಕ್ಕ ಸಾಕ್ಸ್ ತೆಗೆದು ಕಾಲು ಮುಂದಿಟ್ಟಾಗ ಬೆರಳು ಏನೂ ಆಗದವರಂತೆ ಮಂಕಾಗಿ ಕೂತಿದ್ದವು. ಡಾಕ್ಟರು ಫೋಟೋ ನೋಡಿ, "ಭಾಂಡೆ ಎಷ್ಟಕ್ಕ ತಿಕ್ಕತೀರಿ?" ಎಂದು ಕೇಳಿದರು.